ದಿನವೂ ಸೊಂಟದಲ್ಲಿರಬೇಕಾದ ರಿವಾಲ್ವರ್

ನನ್ನ ಹೆಸರಿಗೆ ಶಸ್ತ್ರ ಪರವಾನಗಿ ಮಂಜೂರಾದ ದಿನ ಸಂಜೆ ಅಪ್ಪ ಬೀರುವಿನ ಒಳಖಾನೆಯಿಂದ ತಮ್ಮ ರಿವಾಲ್ವರನ್ನು ಹೊರಗೆ ತೆಗೆದರು. ಅದನ್ನು ತೆರೆದು, ತೋಟಾಗಳನ್ನು ಎಣಿಸಿ ಡಬ್ಬಿಗೆ ಹಾಕಿ, ಡಬ್ಬಿಯನ್ನು ಪಕ್ಕದ ಕೋಣೆಯಲ್ಲಿಟ್ಟು ಬಂದು, ಸಿಲಿಂಡರಿನ ಆರು ಗೂಡುಗಳಿಗೂ ಒಂದೊಂದು ಡಮ್ಮಿ ತೋಟಾ, ಅಂದರೆ ಮದ್ದಿಲ್ಲದ ನಕಲಿ ತೋಟಾ, ತುಂಬಿದರು. ಆಮೇಲೆ ನನ್ನನ್ನು ಖಾಲಿ ಗೋಡೆಯ ಕಡೆ ತಿರುಗಿಸಿ ನಿಲ್ಲಿಸಿ, "ಹತ್ತು ಸಲ ಎಳಿ, ನೋಡೋಣ" ಎಂದರು. ನಾಲ್ಕನೆಯ ಸಲಕ್ಕೆ ತೋರುಬೆರಳು ನಡುಗತೊಡಗಿತು. ಏಳನೆಯ ಸಲ ಟ್ರಿಗರ್ ಅರ್ಧಕ್ಕೆ ನಿಂತುಬಿಟ್ಟಿತು. ಅಪ್ಪ ಏನೂ ಹೇಳದೆ ಅದನ್ನು ವಾಪಸು ತೆಗೆದುಕೊಂಡು ಬಟ್ಟೆಯಲ್ಲಿ ಒರೆಸಿ ಒಳಗಿಟ್ಟರು.

ಅಲ್ಲಿಯವರೆಗೆ ನಾನು ಬೆಲೆ, ತೂಕ, ಗಾತ್ರ ಇವುಗಳನ್ನಷ್ಟೇ ಕಾಗದದ ಮೇಲೆ ಬರೆದುಕೊಂಡು ಹೋಲಿಸಿ ನೋಡಿದ್ದೆ. ಎಷ್ಟು ಚಿಕ್ಕದಾಗಿ ಮತ್ತು ಹಗುರವಾಗಿ ಇರುತ್ತದೆಯೋ ಅಷ್ಟು ಒಳ್ಳೆಯದೆಂಬ ನಂಬಿಕೆ ನನ್ನದಾಗಿತ್ತು. ಪ್ರತಿದಿನ ಮೈಮೇಲೆ ಧರಿಸಿ ಓಡಾಡಬೇಕಾದ ಆಯುಧವನ್ನು ಆರಿಸುವಾಗ ಮೊದಲು ಪರೀಕ್ಷಿಸಬೇಕಾದದ್ದು ಅದರ ಗಾತ್ರವನ್ನಲ್ಲ, ತನ್ನ ಬೆರಳನ್ನು ಎಂಬುದು ಆ ಏಳನೆಯ ಸಲದಲ್ಲಿ ನನಗೆ ತಿಳಿಯಿತು. ಆಮೇಲಿನ ಐದು ತಿಂಗಳು ನಾನು ಹುಡುಕಿದ್ದು, ಕೇಳಿದ್ದು, ತಪ್ಪಿದ್ದು ಎಲ್ಲವನ್ನೂ ಇಲ್ಲಿ ಬರೆಯುತ್ತಿದ್ದೇನೆ. ನನ್ನಂತೆಯೇ ವ್ಯಾಪಾರ ನಡೆಸುವ ಹೆಣ್ಣುಮಕ್ಕಳು ಕೆಲವರು ಈ ವಿಷಯವನ್ನು ಮೆಲುದನಿಯಲ್ಲಿ ವಿಚಾರಿಸುತ್ತಾರೆ. ಅವರಿಗೆ ಕನ್ನಡದಲ್ಲಿ ಓದಲು ಏನೂ ಸಿಗುವುದಿಲ್ಲವೆಂಬುದು ನನಗೆ ಬಹಳ ದಿನಗಳಿಂದ ಇದ್ದ ಕೊರಗು.

ನಮ್ಮದು ನಗರ್ತಪೇಟೆಯಲ್ಲಿ ಆಭರಣ ಮಾಡಿಸಿ ಸಗಟಿನಲ್ಲಿ ಮಾರುವ ಸಣ್ಣ ಕಾರ್ಖಾನೆ. ಅಕ್ಕಸಾಲಿಗರು ಕೂರುವ ಮಹಡಿಯಿಂದ ಹಾಲ್‌ಮಾರ್ಕ್ ಕೇಂದ್ರಕ್ಕೆ, ಅಲ್ಲಿಂದ ಚಿಕ್ಕಪೇಟೆ ಮತ್ತು ಅವೆನ್ಯೂ ರಸ್ತೆಯ ಅಂಗಡಿಗಳಿಗೆ, ಕತ್ತಲಾದ ಮೇಲೆ ಉಳಿದ ಮಾಲು ಮತ್ತು ನಗದಿನೊಂದಿಗೆ ಚಾಮರಾಜಪೇಟೆಯ ಮನೆಗೆ, ಹೀಗೆ ದಿನವೂ ನಾಲ್ಕೈದು ಸಲ ಚಿನ್ನವನ್ನು ಹೊತ್ತು ನಡೆಯಬೇಕಾಗುತ್ತದೆ. 2021ರ ಜೂನ್‌ನಲ್ಲಿ ಹಾಲ್‌ಮಾರ್ಕ್ ಕಡ್ಡಾಯವಾದ ಮೇಲೆ ಈ ಓಡಾಟ ಇನ್ನೂ ಹೆಚ್ಚಿತು. ಅಪ್ಪನಿಗೆ ಎಪ್ಪತ್ತು ದಾಟಿ ಮೊಣಕಾಲು ಸೋತ ಮೇಲೆ ಆ ಕೆಲಸ ನನ್ನ ಪಾಲಿಗೆ ಬಂದಿತು. ವೃತ್ತಿಯ ಅಥವಾ ವ್ಯಾಪಾರದ ಸ್ವರೂಪದಿಂದಲೇ ಜೀವ ಮತ್ತು ಆಸ್ತಿಯ ರಕ್ಷಣೆಯ ನಿಜವಾದ ಅಗತ್ಯವಿರುವವರ ಅರ್ಜಿಯನ್ನು ಪರಿಗಣಿಸಬಹುದೆಂದು 2016ರ ಶಸ್ತ್ರಾಸ್ತ್ರ ನಿಯಮಗಳು ಹೇಳುತ್ತವೆ. ಬೆಂಗಳೂರು ನಗರದಲ್ಲಿ ಪರವಾನಗಿ ಕೊಡುವ ಅಧಿಕಾರ ಪೊಲೀಸ್ ಆಯುಕ್ತರದು. ಠಾಣೆಯ ವಿಚಾರಣೆ, ವೈದ್ಯಕೀಯ ಪ್ರಮಾಣಪತ್ರ, ಸುರಕ್ಷತಾ ತರಬೇತಿಯ ಪ್ರಮಾಣಪತ್ರ, ಮನೆಯಲ್ಲಿ ಭದ್ರವಾಗಿ ಇಡುವೆನೆಂಬ ಮುಚ್ಚಳಿಕೆ ಇವೆಲ್ಲ ಮುಗಿಯುವುದಕ್ಕೆ ತಾಳ್ಮೆ ಬೇಕು, ಬೇಕೇ ಬೇಕು. ಆ ವಿವರಗಳನ್ನು ಕಚೇರಿಯಲ್ಲೇ ಕೇಳಿ ತಿಳಿಯುವುದು ಉತ್ತಮವಾದ್ದರಿಂದ ಇಲ್ಲಿ ಬೆಳೆಸುವುದಿಲ್ಲ.

ಆದರೆ ಒಂದು ನಿಯಮವನ್ನು ಎಲ್ಲರೂ ಮೊದಲೇ ಓದಿಕೊಳ್ಳಬೇಕು. ಆಯುಧವನ್ನು ಮುಚ್ಚಿಟ್ಟು ಒಯ್ಯುವುದು ನಮ್ಮಲ್ಲಿ ಇಷ್ಟಕ್ಕೆ ಬಿಟ್ಟ ವಿಷಯವಲ್ಲ, ಕಾನೂನಿನ ಕಟ್ಟಳೆ. ಸಾರ್ವಜನಿಕ ಸ್ಥಳದಲ್ಲಿ ಕೈಬಂದೂಕನ್ನು ಅದಕ್ಕೆಂದೇ ತಯಾರಿಸಿದ ಹೋಲ್ಸ್ಟರ್‌ನಲ್ಲಿ ಅಥವಾ ಅಂಥದ್ದೇ ಚೀಲದಲ್ಲಿಟ್ಟು, ಅದನ್ನು ಮೈಗೆ ಜೋಡಿಸಿಕೊಂಡು, ಪೂರ್ತಿಯಾಗಿ ಮರೆಮಾಡಿ, ತನ್ನ ಹಿಡಿತ ತಪ್ಪದಂತೆ ಒಯ್ಯಬೇಕೆಂದು ಅದೇ ನಿಯಮಗಳ 32ನೆಯ ನಿಯಮ ಹೇಳುತ್ತದೆ. ಜನರ ಮುಂದೆ ಝಳಪಿಸಿದರೆ ಪರವಾನಗಿಯೇ ಹೋಗಬಹುದು. ಆದ್ದರಿಂದ ಯಾವ ಕೈಬಂದೂಕು ಕೊಳ್ಳಬೇಕು ಎಂಬ ಪ್ರಶ್ನೆಯ ಜೊತೆಗೇ ಅದು ಯಾವ ಉಡುಪಿನ ಕೆಳಗೆ, ಮೈಯ ಯಾವ ಭಾಗದಲ್ಲಿ, ಬೆಳಗ್ಗೆ ಹತ್ತರಿಂದ ರಾತ್ರಿ ಒಂಬತ್ತರವರೆಗೆ ಕದಲದೆ ಕೂರುತ್ತದೆ ಎಂಬ ಪ್ರಶ್ನೆಯೂ ಬರುತ್ತದೆ.

ನಮ್ಮ ಮುಂದಿರುವ ಆಯ್ಕೆಗಳು ಹೆಚ್ಚಿಲ್ಲ. ಪೊಲೀಸರು ಮತ್ತು ಸೇನೆ ಬಳಸುವ 9 ಎಂ.ಎಂ. ತೋಟಾ ಹಾರಿಸಬಲ್ಲ ಪಿಸ್ತೂಲುಗಳು, .380 ಮತ್ತು .455 (ಈ ಅಂಕಿಗಳು ಅಂಗುಲದಲ್ಲಿ) ರಿವಾಲ್ವರ್‌ಗಳು ನಿಷೇಧಿತ ಬೋರ್‌ಗೆ, ಅಂದರೆ ನಾಗರಿಕರಿಗೆ ಸಾಮಾನ್ಯವಾಗಿ ಕೊಡದ ಕೊಳವೆಯಳತೆಗೆ, ಸೇರಿದವು. ಸಾಮಾನ್ಯ ನಾಗರಿಕರಿಗೆ ಉಳಿಯುವುದು ಮುಖ್ಯವಾಗಿ .32 ಮತ್ತು .22. ಖಾಸಗಿಯವರು ವಿದೇಶದಿಂದ ತರಿಸಿಕೊಳ್ಳುವುದಕ್ಕೆ ಎಂಬತ್ತರ ದಶಕದಿಂದ ತಡೆ ಇರುವುದರಿಂದ ಅದಕ್ಕೂ ಮೊದಲು ಬಂದ ಹಳೆಯ ವಿದೇಶಿ ಪಿಸ್ತೂಲುಗಳು ಕೈಯಿಂದ ಕೈಗೆ ಲಕ್ಷಗಟ್ಟಲೆ ಬೆಲೆಗೆ ದಾಟುತ್ತವೆ. ನನಗೆ ಅಂಥದ್ದೊಂದನ್ನು ತೋರಿಸಿದರು. ನಕಾಶಿಯೆಲ್ಲ ಚೆಲುವಾಗಿತ್ತು, ಆದರೆ ಸ್ಪ್ರಿಂಗ್ ಮುರಿದರೆ ಬಿಡಿಭಾಗ ಎಲ್ಲಿಂದ ತರುವಿರೆಂದು ಕೇಳಿದಾಗ ಮಾರುವವರ ಬಳಿ ಉತ್ತರವಿರಲಿಲ್ಲ. ಸಂಗ್ರಹಕ್ಕೆ ಕೊಳ್ಳುವವರ ಮಾತು ಬೇರೆ. ಜೀವ ನೆಚ್ಚಿಕೊಳ್ಳುವ ಸಾಧನಕ್ಕೆ ಬಿಡಿಭಾಗವೂ ರಿಪೇರಿಯೂ ಸಿಗಲೇಬೇಕೆಂಬುದು ನನ್ನ ಖಚಿತ ಅಭಿಪ್ರಾಯ.

ಇನ್ನೊಂದು ಎಚ್ಚರ. .32 ಎಂಬ ಒಂದೇ ಹೆಸರಿನ ಕೆಳಗೆ ಎರಡು ಬೇರೆ ಬೇರೆ ತೋಟಾಗಳಿವೆ. ಪಿಸ್ತೂಲಿನ .32, ಅಂದರೆ 7.65 ಎಂ.ಎಂ., ಜಾನ್ ಬ್ರೌನಿಂಗ್ 1899ರ ಸುಮಾರಿಗೆ ತಮ್ಮ ಪಿಸ್ತೂಲಿಗಾಗಿ ರೂಪಿಸಿದ್ದು. ಅದರ ಗುಂಡು ಸುಮಾರು 4.6 ಗ್ರಾಂ ತೂಗುತ್ತದೆ. ರಿವಾಲ್ವರಿನ .32 ಲಾಂಗ್ ಉದ್ದವಾದ, ಅಂಚಿರುವ ತೋಟಾ; ಅದರ ಸೀಸದ ಗುಂಡು ಆರು ಗ್ರಾಂ ದಾಟುತ್ತದೆ, ನಿಧಾನವಾಗಿ ಹೋಗುತ್ತದೆ. ಒಂದನ್ನು ಇನ್ನೊಂದರ ಬದಲಿಗೆ ಬಳಸುವಂತಿಲ್ಲ. ಪರವಾನಗಿಯ ಪುಸ್ತಕದಲ್ಲಿ ".32" ಎಂದಷ್ಟೇ ಬರೆದಿದ್ದರೆ ತೋಟಾ ಕೊಳ್ಳುವಾಗ ಯಾವುದೆಂದು ಬಾಯಿಬಿಟ್ಟು ಹೇಳಿ, ಡಬ್ಬಿಯ ಮೇಲಿನ ಬರಹ ಓದಿ, ಒಂದನ್ನು ಕೈಯಲ್ಲಿ ಹಿಡಿದು ನೋಡಿಯೇ ಹಣ ಕೊಡಬೇಕು.

ನಮ್ಮ ಕಸುಬಿನವರಿಗೆ ಕೈಯಳತೆಯಲ್ಲೇ ತೂಕ ತಿಳಿಯುತ್ತದೆ. ಅದರಿಂದ ನನಗೆ ಅನುಕೂಲವೂ ಆಯಿತು, ಮೊದಮೊದಲು ಅದು ತಪ್ಪು ದಾರಿಯನ್ನೂ ಹಿಡಿಸಿತು. 2014ರಲ್ಲಿ ಕಾನ್ಪುರದ ಸರ್ಕಾರಿ ಕಾರ್ಖಾನೆಯವರು "ನಿರ್ಭೀಕ್" ಎಂಬ ಹೆಸರಿನಲ್ಲಿ ಟೈಟಾನಿಯಂ ಮಿಶ್ರಲೋಹದ .32 ರಿವಾಲ್ವರನ್ನು ಹೆಂಗಸರಿಗೆಂದೇ ಹೊರತಂದಾಗ ಅದರ ತೂಕ ಅರ್ಧ ಕಿಲೋ ಆಸುಪಾಸಿನದು, ಬೆಲೆ 1.22 ಲಕ್ಷ ರೂಪಾಯಿ ಎಂದು ಪತ್ರಿಕೆಗಳಲ್ಲಿ ಬಂದಿತ್ತು. ಇಷಾಪುರದ ಕಾರ್ಖಾನೆಯ "ನಿಡರ್" ಇನ್ನೂ ಹಗುರ, ಕಾಲು ಕಿಲೋ ಮಾತ್ರ, ಆದರೆ ಅದು .22. ಹೆಂಗಸರ ಕೈಗೆ ಹಗುರವಾದದ್ದೇ ಒಪ್ಪುತ್ತದೆ ಎಂಬ ನಂಬಿಕೆಯನ್ನು ನಾನೂ ಹಾಗೆಯೇ ನುಂಗಿದ್ದೆ. ಯೋಚಿಸಿ ನೋಡಿದರೆ ವಿಷಯ ತಿರುಗುಮುರುಗು. ಒಂದೇ ತೋಟಾವನ್ನು ಹಗುರವಾದ ಕೈಬಂದೂಕಿನಿಂದ ಹಾರಿಸಿದಾಗ ಒದೆತ ಹೆಚ್ಚು, ಭಾರವಾದದ್ದರಿಂದ ಹಾರಿಸಿದಾಗ ಕಡಿಮೆ. ತೂಕವೇ ಒದೆತವನ್ನು ನುಂಗಿಕೊಳ್ಳುತ್ತದೆ. .32ರ ಒದೆತ ಅಂಥ ದೊಡ್ಡದಲ್ಲ ಎಂಬುದು ನಿಜ. ಆದರೂ ಮೊದಲ ಗುಂಡಿನ ನಂತರ ಎರಡನೆಯದನ್ನು ಅದೇ ಜಾಗಕ್ಕೆ ಹಾಕಬೇಕಾದಾಗ ಆ ವ್ಯತ್ಯಾಸ ಗೊತ್ತಾಗುತ್ತದೆ. ಅದಕ್ಕಿಂತ ಮುಖ್ಯವಾಗಿ, ಲೋಹ ಹಗುರವಾದರೂ ಟ್ರಿಗರ್ ಹಗುರವಾಗುವುದಿಲ್ಲ. ತೋಟಾ ಸಿಡಿಯುವಂತೆ ಬಡಿಯುವ ಹ್ಯಾಮರನ್ನು ಹಿಂದಕ್ಕೆಳೆದು, ಸಿಲಿಂಡರನ್ನು ಒಂದು ಗೂಡಿನಷ್ಟು ತಿರುಗಿಸಿ, ಕೊನೆಗೆ ಹ್ಯಾಮರನ್ನು ಬಿಡುವ ಮೂರೂ ಕೆಲಸಗಳನ್ನು ಒಂದೇ ಎಳೆತದಲ್ಲಿ ಬೆರಳು ಮಾಡಬೇಕಾದ್ದರಿಂದ ಡಬಲ್ ಆಕ್ಷನ್ ರಿವಾಲ್ವರಿನ ಟ್ರಿಗರ್ ಸಾಮಾನ್ಯವಾಗಿ ಐದು ಕಿಲೋ ಆಸುಪಾಸಿನ ಬಲ ಕೇಳುತ್ತದೆ. ಅರ್ಧ ಕಿಲೋ ತೂಕದ ವಸ್ತುವನ್ನು ಅದರ ಹತ್ತು ಪಟ್ಟು ಬಲದಿಂದ ಎಳೆದಾಗ ಅದು ಕೈಯಲ್ಲಿ ಕದಲದೆ ಇರುವುದು ಹೇಗೆ? ಭಾರವಾದದ್ದು ಸ್ವಲ್ಪವಾದರೂ ಕದಲದೆ ನಿಲ್ಲುತ್ತದೆ.

ನನ್ನ ಕೊಡಗಿನ ಗೆಳತಿಯೊಬ್ಬಳು, ಕೈಲ್‌ಪೊಳ್ದ್ ಹಬ್ಬಕ್ಕೆ ವರ್ಷ ತಪ್ಪದೆ ಊರಿಗೆ ಹೋಗಿ ಮನೆಯ ಕೋವಿಗೆ ಹೂ ಇಟ್ಟು ಬರುವವಳು, ಟ್ರಿಗರಿಗೆ ಕುದುರೆಯೆಂದೇ ಹೇಳುತ್ತಾಳೆ. "ಕುದುರೆ ನಿನ್ನ ಮಾತು ಕೇಳಬೇಕು ಕಣೇ, ನೀನು ಕುದುರೆಯ ಮಾತು ಕೇಳುವ ಹಾಗೆ ಆಗಬಾರದು" ಎಂದಳು. ಅವಳ ಸಲಹೆಯಂತೆ ನಾನು ಮಾರಾಟದ ಅಂಗಡಿಗೆ ಹೋದಾಗಲೆಲ್ಲ ಬೆಲೆ ಕೇಳುವುದಕ್ಕೆ ಮೊದಲೇ ಡಮ್ಮಿ ತೋಟಾ ಹಾಕಿಸಿ, ಸುರಕ್ಷಿತ ದಿಕ್ಕಿಗೆ ಹಿಡಿದು, ಹತ್ತು ಸಲ ಎಳೆದು ನೋಡುವ ಕ್ರಮವಿಟ್ಟುಕೊಂಡೆ. ಬೆರಳಿನ ಮೊದಲ ಗೆಣ್ಣು ಟ್ರಿಗರ್ ಮೇಲೆ ಕೂರುವಾಗ ಅಂಗೈ ಹಿಡಿಕೆಯಿಂದ ಜಾರುತ್ತಿದೆಯೇ, ಹತ್ತನೆಯ ಎಳೆತದಲ್ಲಿ ಕೊಳವೆಯ ತುದಿಯಲ್ಲಿ ಗುರಿ ಹಿಡಿಯಲೆಂದು ಇರುವ ಗುರಿಮಣಿ ಬಲಕ್ಕೋ ಕೆಳಕ್ಕೋ ವಾಲುತ್ತಿದೆಯೇ ಎಂದು ನೋಡಬೇಕು. ಗುರಿಮಣಿಯ ಹಿಂದೆ ಕೊಳವೆಯ ಮೇಲೆ ಒಂದು ರೂಪಾಯಿ ನಾಣ್ಯವಿಟ್ಟು ಎಳೆದಾಗ ಅದು ಬೀಳದೆ ಉಳಿದರೆ ನಿಮ್ಮ ಕೈಗೂ ಆ ಟ್ರಿಗರಿಗೂ ಹೊಂದಿಕೆಯಾಗಿದೆ ಎಂದರ್ಥ. ನಾನು ನೋಡಿದವುಗಳಲ್ಲಿ ಎರಡರ ಮೇಲೆ ಮಾತ್ರ ನಾಣ್ಯ ನಿಂತಿತು.

ಪಿಸ್ತೂಲೇ ಕೊಳ್ಳಿರಿ ಎಂದು ಹಲವರು ಹೇಳಿದರು, ಅದಕ್ಕೆ ಕಾರಣವೂ ಇದೆ. ಸರ್ಕಾರಿ ಕಾರ್ಖಾನೆಯ "ಅಶನಿ" ಪಿಸ್ತೂಲು ಚಪ್ಪಟೆಯಾಗಿದೆ, ಮ್ಯಾಗಜೀನಿನಲ್ಲಿ ಎಂಟು ತೋಟಾ ಹಿಡಿಸುತ್ತದೆ, ರಿವಾಲ್ವರಿನಂತೆ ಸಿಲಿಂಡರಿನ ಉಬ್ಬು ಇಲ್ಲ. ಉಡುಪಿನ ಕೆಳಗೆ ಕಾಣಿಸಿಕೊಳ್ಳುವುದು ತೂಕವಲ್ಲ, ದಪ್ಪ. ಆ ದೃಷ್ಟಿಯಿಂದ ಪಿಸ್ತೂಲಿಗೇ ನೂರು ಅಂಕ ಕೊಡಬೇಕು. ಆದರೆ ಈ ಬಗೆಯ ಚಿಕ್ಕ ಪಿಸ್ತೂಲುಗಳು ಬ್ಲೋಬ್ಯಾಕ್ ತತ್ವದ ಮೇಲೆ ಕೆಲಸ ಮಾಡುತ್ತವೆ. ಗುಂಡು ಕೊಳವೆ ದಾಟುವವರೆಗೆ ಹಿಂಬದಿಯನ್ನು ಮುಚ್ಚಿ ಹಿಡಿಯುವುದಕ್ಕೆ ಬೇರೆ ಬೀಗವಿಲ್ಲ, ಪಿಸ್ತೂಲಿನ ಮೇಲ್ಭಾಗದಲ್ಲಿ ಹಿಂದೆ ಮುಂದೆ ಸರಿಯುವ ಸ್ಲೈಡಿನ ತೂಕ ಮತ್ತು ಸ್ಪ್ರಿಂಗಿನ ಬಿಗಿ ಇವೇ ಬೀಗ. ಆದ್ದರಿಂದ ಸ್ಪ್ರಿಂಗ್ ಬಿರುಸಾಗಿರಲೇಬೇಕು, ಸ್ಲೈಡ್ ಎಳೆಯುವುದು ಕಷ್ಟವಾಗಲೇಬೇಕು. ಮೊಣಕೈಯನ್ನು ಮೈಗೆ ಒತ್ತಿಕೊಂಡು ಎಡಗೈಯಲ್ಲಿ ಸ್ಲೈಡನ್ನು ಗಟ್ಟಿಯಾಗಿ ಹಿಡಿದು ಬಲಗೈಯಿಂದ ಪಿಸ್ತೂಲನ್ನು ಮುಂದಕ್ಕೆ ತಳ್ಳಿದರೆ ಅದು ಸಾಧ್ಯವಾಗುತ್ತದೆ, ನನಗೂ ಆಯಿತು. ಆದರೆ ಒಂದು ಕೈಯಲ್ಲಿ ಚೀಲ ಹಿಡಿದವಳಿಗೆ ಎರಡು ಕೈಯ ಆ ಕೆಲಸಕ್ಕೆ ಅವಕಾಶ ಎಲ್ಲಿಂದ ಬರಬೇಕು? ತೋಟಾವನ್ನು ಮೊದಲೇ ಕೊಳವೆಗೆ ಏರಿಸಿಟ್ಟುಕೊಂಡು ಓಡಾಡಬಹುದು ಎನ್ನುವವರಿದ್ದಾರೆ. ಕೆಳಗೆ ಬಿದ್ದರೂ ತೋಟಾಕ್ಕೆ ಚುಚ್ಚಿ ಸಿಡಿಸುವ ಪಿನ್ನು ಮುಂದಕ್ಕೆ ಹೋಗದಂತೆ ತಡೆಯುವ ವ್ಯವಸ್ಥೆ ಒಳಗಿದೆಯೆಂದು ಖಾತ್ರಿಯಿಲ್ಲದ ಯಾವ ಪಿಸ್ತೂಲನ್ನೂ ಹಾಗೆ ಧರಿಸಲು ನಾನು ಒಪ್ಪುವುದಿಲ್ಲ. ತೋಟಾ ಹಾರದೆ ಉಳಿದಾಗಲೂ ಪಿಸ್ತೂಲಿನಲ್ಲಿ ಸ್ಲೈಡ್ ಎಳೆದು ಅದನ್ನು ಹೊರಗೆ ಹಾಕಬೇಕು. ರಿವಾಲ್ವರಿನಲ್ಲಿ ಮತ್ತೊಮ್ಮೆ ಟ್ರಿಗರ್ ಎಳೆದರೆ ಮುಂದಿನ ಗೂಡು ತಾನೇ ಎದುರಿಗೆ ಬರುತ್ತದೆ. ನನ್ನ ತೀರ್ಮಾನಕ್ಕೆ ಈ ಕೊನೆಯ ಅಂಶವೇ ನಿರ್ಣಾಯಕವಾಯಿತು.

ಹಾಗಾದರೆ ಅಪ್ಪನದೇ ಇರಬಹುದಿತ್ತಲ್ಲ ಎಂದು ಮನೆಯಲ್ಲಿ ಎಲ್ಲರೂ ಕೇಳಿದರು. ಪರವಾನಗಿದಾರರಿಗೆ ಎಪ್ಪತ್ತು ತುಂಬಿದರೆ ಅಥವಾ ಅವರು ಇಪ್ಪತ್ತೈದು ವರ್ಷ ಆಯುಧ ಇಟ್ಟುಕೊಂಡಿದ್ದರೆ ವಾರಸುದಾರರ ಹೆಸರಿಗೆ ಪರವಾನಗಿ ಕೊಡುವುದಕ್ಕೆ ನಿಯಮದಲ್ಲಿ ದಾರಿಯಿದೆ. ಅಪ್ಪನದು ತೊಂಬತ್ತರ ದಶಕದ ಕೊನೆಯಲ್ಲಿ ಕೊಂಡ ಕಾನ್ಪುರದ .32, ಬ್ರಿಟಿಷರ ಕಾಲದ ವೆಬ್ಲಿ ಮಾದರಿಯಂತೆ ನಡುವೆ ಮುರಿದು ತೆರೆಯುವಂಥದ್ದು. ಅದರ ಬಗ್ಗೆ ನನಗೆ ಗೌರವವಿದೆ. ಚಿಕ್ಕಂದಿನಲ್ಲಿ ಅಪ್ಪ ರಾತ್ರಿ ಮನೆಗೆ ಬಂದು ಅಂಗಿ ಬಿಚ್ಚುವುದಕ್ಕೆ ಮೊದಲು ಅದನ್ನು ಬೀರುವಿನಲ್ಲಿಟ್ಟು ಬೀಗ ಹಾಕುವ ಸದ್ದು ಕೇಳಿದ ಮೇಲೆಯೇ ನನಗೆ ನಿದ್ದೆ ಹತ್ತುತ್ತಿತ್ತು. ಆದರೆ ಬೆರಳಿನ ಪರೀಕ್ಷೆಯಲ್ಲಿ ನಾನು ಸೋತದ್ದು ಅದರ ಮುಂದೆಯೇ. ಮತ್ತೊಂದು ತೊಡಕೂ ಇತ್ತು. ಮುರಿದು ತೆರೆಯುವ ರಿವಾಲ್ವರಿನಲ್ಲಿ ಕೊಳವೆ ಪೂರ್ತಿ ಬಾಗಿದಾಗ ನಡುವಿನ ನಕ್ಷತ್ರಾಕಾರದ ತುಣುಕು ಮೇಲೆದ್ದು ಆರೂ ತೋಟಾಗಳನ್ನು ಒಟ್ಟಿಗೆ ಎತ್ತಿ ಹಾಕುತ್ತದೆ. ಹಾರಿಸಿದ ಖಾಲಿ ಕೋಶಗಳನ್ನು ಚೆಲ್ಲುವುದಕ್ಕೆ ಅದು ಸೊಗಸಾದ ಏರ್ಪಾಡು. ಆದರೆ ತುಂಬಿದೆಯೋ ಇಲ್ಲವೋ ಎಂದು ದಿನಕ್ಕೆ ಎರಡು ಸಲ ನೋಡಬೇಕಾದವಳಿಗೆ, ನೋಡಿದಾಗಲೆಲ್ಲ ತೋಟಾಗಳು ಹಾಸಿಗೆಯ ಮೇಲೆ ಉರುಳುವುದು, ಒಂದು ಮಂಚದ ಕೆಳಗೆ ಹೋಗಿ ಸೇರುವುದು, ಮಕ್ಕಳಿರುವ ಮನೆಯಲ್ಲಿ ಅದನ್ನು ಹುಡುಕಿ ಮುಗಿಸುವವರೆಗೆ ಉಸಿರು ಕಟ್ಟುವುದು, ಇದು ನನಗೆ ಬೇಡವಾಗಿತ್ತು. ಉತ್ತರ ಪ್ರದೇಶದ ಹರ್ದೋಯಿ ಜಿಲ್ಲೆಯ ಸಂಡೀಲಾದಲ್ಲಿ ತಯಾರಾಗುವ ವೆಬ್ಲಿ .32 ಕೂಡ ಅದೇ ಮನೆತನದ್ದು. ಕಣ್ಣಿಗೆ ಹಿಡಿಸಿತು, ಆದರೆ ಅದೇ ಕಾರಣಕ್ಕೆ ಬಿಟ್ಟೆ.

ಕೊನೆಗೆ ನಾನು ಕೊಂಡದ್ದು "ಪ್ರಬಲ್". ಹಳೆಯ ಆಯುಧ ಕಾರ್ಖಾನೆಗಳ ಮಂಡಳಿ 2021ರಲ್ಲಿ ಏಳು ಕಂಪನಿಗಳಾಗಿ ಒಡೆದ ಮೇಲೆ ಕಾನ್ಪುರದ ಅಡ್ವಾನ್ಸ್ಡ್ ವೆಪನ್ಸ್ ಅಂಡ್ ಎಕ್ವಿಪ್‌ಮೆಂಟ್ ಇಂಡಿಯಾ ಲಿಮಿಟೆಡ್ ಇದನ್ನು 2023ರ ಆಗಸ್ಟ್‌ನಲ್ಲಿ ಹೊರತಂದಿತು. ಕೊಳವೆಯ ಉದ್ದ 76 ಮಿ.ಮೀ., ಒಟ್ಟು ಉದ್ದ ಸುಮಾರು 178 ಮಿ.ಮೀ., ತೋಟಾ ಇಲ್ಲದಾಗಿನ ತೂಕ 700 ಗ್ರಾಂ. ಐವತ್ತು ಮೀಟರ್ ದೂರ ಹೊಡೆಯುತ್ತದೆ ಎಂಬುದನ್ನೇ ಎಲ್ಲರೂ ದೊಡ್ಡದಾಗಿ ಹೇಳುತ್ತಾರೆ. ನನಗೆ ಅದು ಮುಖ್ಯವಲ್ಲ. ನಮ್ಮ ಪೇಟೆಯ ಗಲ್ಲಿಗಳಲ್ಲಿ ಐವತ್ತು ಮೀಟರ್ ನೇರ ನೋಟವೇ ಸಿಗುವುದಿಲ್ಲ, ಆಪತ್ತು ಬಂದರೆ ಅದು ತೋಳಿನ ಅಳತೆಯಲ್ಲಿ ಬರುತ್ತದೆ. ನನ್ನನ್ನು ಒಪ್ಪಿಸಿದ್ದು ಅದರ ಪಕ್ಕಕ್ಕೆ ತೆರೆದುಕೊಳ್ಳುವ ಸಿಲಿಂಡರ್. ಎಡಗಡೆಗೆ ವಾಲಿಸಿದರೆ ಆರು ತೋಟಾಗಳ ಹಿಂಬದಿಯ ಹಿತ್ತಾಳೆ ಆರು ಗುಂಡಿಗಳಂತೆ ಕಾಣುತ್ತದೆ, ತಾನಾಗಿ ಏನೂ ಉದುರುವುದಿಲ್ಲ, ನೋಡಿ ಮುಚ್ಚಿದರಾಯಿತು. ಟ್ರಿಗರ್ ನನ್ನ ಬೆರಳಿಗೆ ಹತ್ತು ಸಲವೂ ಒಲಿಯಿತು, ನಾಣ್ಯ ಬೀಳಲಿಲ್ಲ. ಎಲ್ಲರಿಗೂ ಇದೇ ಸರಿಯೆಂದು ನಾನು ಹೇಳುತ್ತಿಲ್ಲ. ನನ್ನ ಕೈ ಚಿಕ್ಕದು, ಬೆರಳು ಮೋಟು. ಉದ್ದ ಬೆರಳಿನವರಿಗೆ ಬೇರೆಯದೇ ಹೊಂದಬಹುದು.

ಇನ್ನು ಧರಿಸುವ ವಿಷಯ. ಇಲ್ಲಿ ನನ್ನಿಂದ ಒಂದು ದೊಡ್ಡ ತಪ್ಪಾಯಿತು, ಅದನ್ನು ಮುಚ್ಚಿಡುವುದು ಸರಿಯಲ್ಲ. ಮೊದಲ ವಾರ ರಿವಾಲ್ವರನ್ನು ಚರ್ಮದ ಕವಚದಲ್ಲಿಟ್ಟು ಭುಜದ ಚೀಲದೊಳಗೆ ಹಾಕಿಕೊಂಡು ಓಡಾಡಿದೆ. ಚೀಲ ಮೈಗೇ ತಗುಲಿಕೊಂಡಿದೆಯಲ್ಲ ಎಂದು ನನ್ನಷ್ಟಕ್ಕೆ ಸಮಾಧಾನ ಹೇಳಿಕೊಂಡಿದ್ದೆ. ಒಂದು ಶನಿವಾರ ಬೆಳಗ್ಗೆ ಗಾಂಧಿ ಬಜಾರಿನ ಹೋಟೆಲ್ ಒಂದರಲ್ಲಿ ತಿಂಡಿ ತಿಂದು, ಚೀಲವನ್ನು ಕುರ್ಚಿಯ ಬೆನ್ನಿಗೆ ನೇತುಹಾಕಿದ್ದನ್ನು ಮರೆತು, ಕೈ ತೊಳೆದು, ಹಣ ಕೊಟ್ಟು ಬಾಗಿಲಿನವರೆಗೆ ಬಂದುಬಿಟ್ಟೆ. ಹತ್ತು ಹೆಜ್ಜೆ, ಅಷ್ಟೇ. ಹಿಂದಿರುಗಿ ಓಡಿದಾಗ ಪಕ್ಕದ ಮೇಜಿನ ಪುಟ್ಟ ಹುಡುಗ ಆ ಚೀಲದ ಗೊಂಡೆಯನ್ನು ಹಿಡಿದು ಆಡುತ್ತಿದ್ದ. ಆ ದೃಶ್ಯ ಇಂದಿಗೂ ರಾತ್ರಿ ಕಣ್ಣ ಮುಂದೆ ಬರುತ್ತದೆ. ಕೈಚೀಲವನ್ನು ನಾವು ಕೆಳಗಿಡುತ್ತೇವೆ, ಕೊಡುತ್ತೇವೆ, ಮರೆಯುತ್ತೇವೆ. ಕಳ್ಳನಾದವನು ಮೊದಲು ಕಿತ್ತುಕೊಳ್ಳುವುದೂ ಅದನ್ನೇ. ಅಂದೇ ಅದನ್ನು ಬಿಟ್ಟೆ.

ಶಿವಾಜಿನಗರದಲ್ಲಿ ಚರ್ಮದ ಕೆಲಸ ಮಾಡುವ ಹಿರಿಯರೊಬ್ಬರಿದ್ದಾರೆ. ಅಳತೆಗೆ ಬೇಕಾದ ಖಾಲಿ ರಿವಾಲ್ವರನ್ನು ನಾನೇ ಒಯ್ದು, ಕೆಲಸ ಮುಗಿಯುವವರೆಗೆ ಎದುರಿಗೇ ಕುಳಿತು, ನನ್ನ ಕೈಯಲ್ಲೇ ವಾಪಸು ತಂದೆ. ಅವರು ದಪ್ಪ ಚರ್ಮವನ್ನು ನೀರಿನಲ್ಲಿ ನೆನೆಸಿ, ತೆಳುವಾದ ಪ್ಲಾಸ್ಟಿಕ್ ಹಾಳೆ ಸುತ್ತಿದ ರಿವಾಲ್ವರಿನ ಮೇಲೆ ಹೊದಿಸಿ, ಮೂಳೆಯ ತುಂಡಿನಿಂದ ಅಂಚುಗಳನ್ನು ಒತ್ತುತ್ತಾ ಬಂದರು; ಸಿಲಿಂಡರಿನ ಉಬ್ಬು, ಟ್ರಿಗರಿನ ಸುತ್ತಲ ಬಳೆ ಚರ್ಮದಲ್ಲಿ ಹಾಗೆಯೇ ಮೂಡಿದವು. ಒಣಗಿದ ಮೇಲೆ ಅದನ್ನು ತಲೆಕೆಳಗು ಹಿಡಿದು ಕೊಡವಿದರೂ ರಿವಾಲ್ವರ್ ಜಾರುವುದಿಲ್ಲ. ಹೋಲ್ಸ್ಟರ್ ಯಾರ ಬಳಿ ಮಾಡಿಸಿದರೂ ಮೂರು ವಿಷಯ ನೋಡಬೇಕು: ಟ್ರಿಗರ್ ಪೂರ್ತಿ ಮುಚ್ಚಿರಬೇಕು, ಕೈಬಂದೂಕನ್ನು ಹೊರಗೆ ತೆಗೆದಾಗ ಬಾಯಿ ಮುಚ್ಚಿಕೊಳ್ಳಬಾರದು, ಬೆಲ್ಟಿನ ಮೇಲೆ ಆಚೀಚೆ ಸರಿಯಬಾರದು. ಬೆಲ್ಟಂತೂ ಹೋಲ್ಸ್ಟರಿನಷ್ಟೇ ಮುಖ್ಯ. 700 ಗ್ರಾಂ ಎಂದರೆ ಅರ್ಧ ಲೀಟರ್ ನಂದಿನಿ ಹಾಲಿನ ಪೊಟ್ಟಣಕ್ಕಿಂತ ಹೆಚ್ಚು ತೂಕ. ಸಲ್ವಾರಿನ ಲಾಡಿಯಾಗಲಿ, ಸೀರೆಯ ನೆರಿಗೆಯಾಗಲಿ ಅದನ್ನು ತಡೆಯಲಾರದು. ಪೇಟೆಗೆ ಹೋಗುವ ದಿನಗಳಲ್ಲಿ ನಾನು ಸೀರೆ ಬಿಟ್ಟು, ಒಂದೂವರೆ ಅಂಗುಲ ಅಗಲದ ಗಟ್ಟಿ ಬೆಲ್ಟ್ ಹಾಕುವ ಪ್ಯಾಂಟು ಮತ್ತು ಮೊಣಕಾಲಿನವರೆಗೆ ಬರುವ, ಎರಡೂ ಪಕ್ಕ ಸೀಳಿರುವ ದಪ್ಪ ಖಾದಿ ಕುರ್ತಾಕ್ಕೆ ಬದಲಾಯಿಸಿಕೊಂಡೆ. ಬಲಸೊಂಟದ ಮೂಳೆಯ ಸ್ವಲ್ಪ ಹಿಂದೆ ಹೋಲ್ಸ್ಟರ್ ಕೂರುತ್ತದೆ. ತೆಳು ಹತ್ತಿಯ ಒಂದೇ ಬಣ್ಣದ ಬಟ್ಟೆಯಲ್ಲಿ ಹಿಡಿಕೆಯ ಗುರುತು ಎದ್ದು ಕಾಣುತ್ತದೆ; ಕಲಂಕಾರಿ, ಚೌಕಳಿ ಮುಂತಾದ ಚಿತ್ತಾರದ ಬಟ್ಟೆ ಅದನ್ನು ಮರೆಸುತ್ತದೆ. ಕೆಳಗೆ ಬಿದ್ದದ್ದನ್ನು ಎತ್ತಿಕೊಳ್ಳುವಾಗ ಸೊಂಟ ಬಗ್ಗಿಸದೆ ಮಂಡಿ ಮಡಿಸುವುದು ರೂಢಿಯಾಗಲು ನನಗೆ ಒಂದು ತಿಂಗಳು ಹಿಡಿಯಿತು.

ಧರಿಸಿ ಹೋಗಬಾರದ ಜಾಗಗಳು ಬಹಳ. ನಮ್ಮ ಮೆಟ್ರೊದಲ್ಲಿ ಒಯ್ಯುವಂತಿಲ್ಲ, ಆದ್ದರಿಂದ ಚಿಕ್ಕಪೇಟೆ ನಿಲ್ದಾಣ ಕೂಗಳತೆಯಲ್ಲಿದ್ದರೂ ನಾನು ಆಟೊ ಹಿಡಿಯುತ್ತೇನೆ. ನ್ಯಾಯಾಲಯ, ಶಾಲೆ, ಮಾಲ್, ದೇವಸ್ಥಾನ, ಮದುವೆ ಛತ್ರ ಇಲ್ಲಿಗೆಲ್ಲ ಹೋಗುವ ದಿನ ಅದು ಮನೆಯ ಲಾಕರಿನಲ್ಲೇ ಇರುತ್ತದೆ. ಸಂಭ್ರಮಕ್ಕೆ ಗಾಳಿಯಲ್ಲಿ ಗುಂಡು ಹಾರಿಸಿ ಇತರರ ಜೀವಕ್ಕೆ ಅಪಾಯ ತಂದರೆ ಎರಡು ವರ್ಷದವರೆಗೆ ಸಜೆ ಅಥವಾ ಒಂದು ಲಕ್ಷದವರೆಗೆ ದಂಡ ಅಥವಾ ಎರಡೂ ಆಗಬಹುದೆಂದು 2019ರ ತಿದ್ದುಪಡಿ ಸೇರಿಸಿದೆ. ಒಬ್ಬರ ಹೆಸರಿನಲ್ಲಿ ಇರಬಹುದಾದ ಆಯುಧಗಳ ಸಂಖ್ಯೆಯನ್ನು ಮೂರರಿಂದ ಎರಡಕ್ಕೆ ಇಳಿಸಿದ್ದೂ, ಪರವಾನಗಿಯ ಅವಧಿಯನ್ನು ಮೂರು ವರ್ಷದಿಂದ ಐದಕ್ಕೆ ಏರಿಸಿದ್ದೂ ಅದೇ ತಿದ್ದುಪಡಿ.

ಯಾವಾಗ ಬಳಸಬಹುದು ಎಂಬುದನ್ನು ತಿಳಿಯದೆ ಧರಿಸುವುದು ಅಪರಾಧಕ್ಕೆ ಸಮಾನವೆಂದು ನಾನು ಭಾವಿಸುತ್ತೇನೆ. ಆತ್ಮರಕ್ಷಣೆಯ ಹಕ್ಕು ಈಗ ಭಾರತೀಯ ನ್ಯಾಯ ಸಂಹಿತೆಯ 34ರಿಂದ 44ರವರೆಗಿನ ಕಲಮುಗಳಲ್ಲಿದೆ. ರಕ್ಷಣೆಗೆ ಎಷ್ಟು ಬೇಕೋ ಅದಕ್ಕಿಂತ ಹೆಚ್ಚಿನ ಹಾನಿ ಮಾಡುವಂತಿಲ್ಲ, ಪೊಲೀಸರ ನೆರವು ಪಡೆಯಲು ಸಮಯವಿದ್ದಾಗ ಆ ಹಕ್ಕೇ ಇಲ್ಲ. ಚೀಲ ಕಿತ್ತುಕೊಂಡು ಓಡುತ್ತಿರುವವನ ಬೆನ್ನಿಗೆ ಗುಂಡು ಹಾರಿಸುವುದು ನನ್ನ ಚಿನ್ನದ ಬೆಲೆ ಎಷ್ಟೇ ಇದ್ದರೂ ನಾನು ಮಾಡಬಾರದ ಕೆಲಸ. ಸಂಜೆಯ ಅವೆನ್ಯೂ ರಸ್ತೆಯಲ್ಲಿ ಅವನ ಆಚೆಗೆ ನೂರು ಜನ ಇರುತ್ತಾರೆ. ಇನ್ನು ನಮ್ಮ ಪೇಟೆಯಲ್ಲಿ ಹೆಚ್ಚಾಗಿ ಕೇಳುವ ಕಳ್ಳತನವೆಂದರೆ ಗಮನ ಬೇರೆಡೆ ಸೆಳೆದು ಮಾಡುವಂಥದ್ದು. ನೋಟು ಕೆಳಗೆ ಬಿದ್ದಿದೆ, ಗಾಡಿಯ ಚಕ್ರದಲ್ಲಿ ಗಾಳಿ ಇಲ್ಲ, ಬೆನ್ನ ಮೇಲೆ ಗಲೀಜು ಬಿದ್ದಿದೆ ಎಂದು ಹೇಳಿ ಚೀಲ ಎಗರಿಸುತ್ತಾರೆ. ಅದರ ಮುಂದೆ ಯಾವ ರಿವಾಲ್ವರೂ ಉಪಯೋಗಕ್ಕೆ ಬಾರದು, ಕಣ್ಣು ಮತ್ತು ಎಚ್ಚರ ಮಾತ್ರ ಬರುತ್ತವೆ. ಅದನ್ನು ಕೊಂಡ ಮೇಲೆ ನನ್ನ ನಡಿಗೆಯ ಎಚ್ಚರ ಕಡಿಮೆಯಾಗದಂತೆ ನೋಡಿಕೊಳ್ಳುವುದೇ ನನಗೆ ಹೆಚ್ಚಿನ ಶ್ರಮವಾಗಿದೆ.

ಅಭ್ಯಾಸಕ್ಕೆ ತೋಟಾ ಧಾರಾಳವಾಗಿ ಸಿಗುವುದಿಲ್ಲ. ಒಮ್ಮೆಗೆ ಎಷ್ಟು, ವರ್ಷಕ್ಕೆ ಎಷ್ಟು ಎಂದು ಪರವಾನಗಿಯಲ್ಲೇ ನಮೂದಿಸಿರುತ್ತಾರೆ. ಪೊಲೀಸ್ ಇಲಾಖೆಯ ನಾಗರಿಕ ಬಂದೂಕು ತರಬೇತಿ ಶಿಬಿರದಿಂದ ನನಗೆ ಶಿಸ್ತು ಬಂದಿತು, ಆದರೆ ಬೆರಳಿಗೆ ಬಲ ಬಂದದ್ದು ಮನೆಯಲ್ಲಿ. ಆಯುಧಗಳ ರಿಪೇರಿ ನೋಡಿಕೊಳ್ಳುತ್ತಿದ್ದ ನಿವೃತ್ತ ಆರ್ಮರರ್ ಒಬ್ಬರು ನನಗೆ ಕಲಿಸಿದರು. "ಅಮ್ಮಾ, ತುಂಬಿದೆ ಅಂತಲೇ ತಿಳಕೊಂಡು ಮುಟ್ಟಬೇಕು, ಕೈಗೆ ಬಂದ ಕೂಡಲೇ ನೀವೇ ತೆರೆದು ನೋಡಬೇಕು, ಬೇರೆಯವರು ನೋಡಿದ್ದು ಲೆಕ್ಕಕ್ಕಿಲ್ಲ" ಎಂದು ಮೊದಲ ದಿನ ಹೇಳಿದವರು ಕೊನೆಯ ದಿನವೂ ಅದನ್ನೇ ಹೇಳಿದರು. ಗುರಿ ಕಣ್ಣಿಗೆ ಬಿದ್ದು ಹಾರಿಸುವುದೆಂದು ತೀರ್ಮಾನಿಸುವವರೆಗೆ ಬೆರಳು ಟ್ರಿಗರಿನ ಹೊರಗೆ, ಚೌಕಟ್ಟಿನ ಮೇಲೆ ನೇರವಾಗಿರಬೇಕು ಎಂಬುದು ಅವರ ಎರಡನೆಯ ಪಾಠ. ಡಮ್ಮಿ ತೋಟಾದೊಂದಿಗೆ ದಿನಕ್ಕೆ ಇಪ್ಪತ್ತು ಎಳೆತ, ಹೋಲ್ಸ್ಟರಿನಿಂದ ನಿಧಾನವಾಗಿ ತೆಗೆಯುವುದು ಹತ್ತು ಸಲ. ಮೂರು ತಿಂಗಳ ಮೇಲೆ ಅಪ್ಪನ ಹಳೆಯ ರಿವಾಲ್ವರ್ ಕೂಡ ನನ್ನ ಬೆರಳಿಗೆ ಹತ್ತು ಸಲ ಬಗ್ಗಿತು.

ಮೈಗಂಟಿದ ಉಕ್ಕಿಗೆ ಬೆವರೇ ಶತ್ರು. ಏಪ್ರಿಲ್ ತಿಂಗಳಲ್ಲಿ ಎರಡು ದಿನ ಒರೆಸದೆ ಬಿಟ್ಟಿದ್ದಕ್ಕೆ ರಿವಾಲ್ವರಿನ ಸೊಂಟಕ್ಕೆ ತಾಗುವ ಬದಿಯಲ್ಲಿ ತುಕ್ಕಿನ ಕಂದು ಚುಕ್ಕೆಗಳು ಕಾಣಿಸಿಕೊಂಡವು. ಅಂದಿನಿಂದ ರಾತ್ರಿ ಎಣ್ಣೆಯ ಬಟ್ಟೆಯಿಂದ ಒರೆಸದೆ ಇಡುವುದಿಲ್ಲ. ಚರ್ಮ ತೇವ ಹೀರುವುದರಿಂದ ಹೋಲ್ಸ್ಟರಿನೊಳಗೇ ಬಿಟ್ಟು ಲಾಕರಿನಲ್ಲಿ ಇಡಬಾರದು. ಮೈಮೇಲಿದ್ದ ತೋಟಾಗಳೂ ಬೆವರು ಮತ್ತು ಎಣ್ಣೆಗೆ ಕೆಡುತ್ತವೆ. ಅವನ್ನು ಅಭ್ಯಾಸದಲ್ಲಿ ಹಾರಿಸಿ ಮುಗಿಸಿ ಹೊಸ ಆರನ್ನು ಹಾಕಿಕೊಳ್ಳುತ್ತೇನೆ. ಚುನಾವಣೆ ಘೋಷಣೆಯಾದಾಗ ಆದೇಶದಂತೆ ಠಾಣೆಯಲ್ಲೋ ಅಧಿಕೃತ ಮಾರಾಟಗಾರರಲ್ಲೋ ಜಮಾ ಮಾಡಿ ರಸೀದಿ ಪಡೆಯಬೇಕು. ಜಮಾ ಮಾಡುವ ಮೊದಲು ದಪ್ಪನಾಗಿ ಎಣ್ಣೆ ಸವರಿ ಕೊಡುವುದು ಒಳ್ಳೆಯದು, ವಾರಗಟ್ಟಲೆ ಅದು ಅಲ್ಲೇ ಇರುತ್ತದೆ.

ಈಗ ರಾತ್ರಿ ಒಂಬತ್ತೂವರೆಗೆ ಮನೆಗೆ ಬಂದವಳೇ ನಾನು ಮೊದಲು ಒಳಕೋಣೆಗೆ ಹೋಗುತ್ತೇನೆ. ಸಿಲಿಂಡರ್ ತೆರೆದು ತೋಟಾಗಳನ್ನು ಡಬ್ಬಿಗೆ ಹಾಕಿ ರಿವಾಲ್ವರನ್ನು ಬಟ್ಟೆಯ ಮೇಲಿಡುತ್ತೇನೆ. ಅಪ್ಪನಿಗೆ ಈಗ ಕಣ್ಣು ಮಂಜು. ಅವರು ಪಕ್ಕದಲ್ಲಿ ಕುಳಿತು ಕಿರುಬೆರಳಿನ ತುದಿಯನ್ನು ಒಂದೊಂದೇ ಗೂಡಿಗೆ ಇಟ್ಟು ಎಣಿಸುತ್ತಾರೆ. "ಆರೂ ಖಾಲಿ" ಎಂದ ಮೇಲೆ ನಾನೂ ಇನ್ನೊಮ್ಮೆ ನೋಡಿ, ಲಾಕರಿಗೆ ಬೀಗ ಹಾಕಿ ಊಟಕ್ಕೆ ಬರುತ್ತೇನೆ.